ಎಡಗೈಯ ಸವಾರ

ಬೆರಳು ಅಲ್ಲಾಡಿತು — ಇಲ್ಲ, ಫ್ಯಾನಿನ ಗಾಳಿಗೆ ಹೊದಿಕೆಯ ಅಂಚು ಅಲ್ಲಾಡಿದ್ದು, ಅಂಚಿನ ಜೊತೆ ಅದರ ನೆರಳು, ಅಣ್ಣನ ಬಲಗೈ ಇಟ್ಟ ಜಾಗದಲ್ಲೇ ಇದೆ, ಬೆಳಿಗ್ಗೆ ಅವಳೇ ಎತ್ತಿ ದಿಂಬಿನ ಮೇಲೆ ಇಟ್ಟಿದ್ದು, ಯಾರೋ ನೋಡಿಕೊಂಡಿರಿ ಎಂದು ಬಿಟ್ಟುಹೋದ ಸಾಮಾನಿನ ಹಾಗೆ, ಎಷ್ಟು ಸಲ ಮೋಸಹೋಗುವುದು ಈ ಫ್ಯಾನಿನಿಂದ, ಆರಿಸಿದರೆ ಅಣ್ಣನ ಬೆನ್ನು ಬೆವರುತ್ತದೆ, ಹಾಕಿದರೆ ಇವಳ ಎದೆ ಹಾರುತ್ತದೆ. ಅವಳು ಎದ್ದಳು, ಮಡಿಸಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು, ಕೂತಳು. ಮುಂದಿನ ಕೋಣೆ ಅಣ್ಣನ ಕ್ಷೌರದಂಗಡಿ, ಹಿಂದಿನದು ಇದು, ನಡುವೆ ಒಂದು ಹೂವಿನ ಬಟ್ಟೆ ಇಳಿಬಿಟ್ಟಿದೆ, ಅಂಗಡಿಯ ಬಾಗಿಲು ಅಣ್ಣನಿಗೆ ಲಕ್ವ ಹೊಡೆದ ದಿನ ಹಾಕಿದ್ದು ಹಾಗೇ ಇದೆ, ಈಗ ಯಾರೋ ತಟ್ಟುತ್ತಿದ್ದಾರೆ, ಯಾವಾಗ ತೆಗೀತಾರೆ, ಅವಳು ಕೂತಲ್ಲಿಂದಲೇ ತೆಗೀತಾರೆ ತೆಗೀತಾರೆ ಅನ್ನುತ್ತಾಳೆ, ಯಾವಾಗ ಎಂದು ಮಾತ್ರ ಹೇಳುವುದಿಲ್ಲ, ಹೇಳುವುದಕ್ಕೆ ತನಗೇನು ಗೊತ್ತು. ಕನ್ನಡಿಯವಳು ಇನ್ನೂ ಬಂದಿಲ್ಲ. ಆಸ್ಪತ್ರೆಯಿಂದ ಕೈಗೆ ವ್ಯಾಯಾಮ ಮಾಡಿಸಲು ಬರುವವಳು ಅವಳು, ಕಂಕುಳಲ್ಲಿ ಕನ್ನಡಿ ಹಿಡಿದು ಬರುತ್ತಾಳೆಂದು ಅಣ್ಣ ಇಟ್ಟ ಹೆಸರು, ನಾಲಗೆ ದಪ್ಪವಾಗಿದ್ದರೂ ಕುಹಕ ತೆಳ್ಳಗಾಗಿಲ್ಲ ಅವನಿಗೆ, ನಿನ್ನೆ ಹೋಗುವಾಗ ಆಕೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದ್ದಳು, ನೋಡೀಮ್ಮ, ನಾಳೇನೂ ಹೀಗೇ ಹಠ ಮಾಡಿದ್ರೆ ನಾನು ಬರೋದು ನಿಲ್ಲಿಸ್ಬೇಕಾಗುತ್ತೆ, ಕಾಯ್ತಿರೋರು ಬೇರೆಯವರಿದಾರೆ, ಹೀಗೇ ಬಿಟ್ರೆ ಕೈ ಮರಗಟ್ಟಿ ಹೋಗುತ್ತೆ, ಆಮೇಲೆ ಕತ್ತರಿ ಹಾಗಿರಲಿ, ತುತ್ತು ಎತ್ತೋಕೂ ಆಗಲ್ಲ. ಹೇಳೋದನ್ನ ನನಗೆ ಹೇಳಿದರೆ ಏನು ಬಂತಮ್ಮ, ಹಠ ನನ್ನದೇ?

ಹಠ ಅವನ ಹುಟ್ಟುಗುಣ. ಆಕೆಯ ಉಪಾಯ ಇಷ್ಟೇ, ತೊಡೆಯ ಮೇಲೆ ಹಲಗೆ, ಹಲಗೆಯ ನಡುವೆ ನೆಟ್ಟಗೆ ಕನ್ನಡಿ, ಬಲಗೈ ಅದರ ಹಿಂದೆ ಮರೆಗೆ, ಎಡಗೈ ಎದುರಿಗೆ, ಎಡಗೈ ಆಡಿಸುತ್ತ ಕನ್ನಡಿ ನೋಡಿದರೆ ಬಲಗೈಯೇ ಆಡಿದ ಹಾಗೆ ಕಾಣುತ್ತದೆ, ತಲೆ ಅದನ್ನು ನಂಬುತ್ತದೆ, ನಂಬಿ ನಂಬಿ ಒಂದು ದಿನ ನಿಜವಾದ ಕೈಗೆ ಅಪ್ಪಣೆ ಕಳಿಸುತ್ತದೆ. ಯಾರಿಗೆ ಹೇಳುತ್ತಿದ್ದಾಳೆ? ಕತ್ತರಿ ಹಿಡಿದಾಗಿನಿಂದ ಕನ್ನಡಿಯ ಮುಂದೆ ನಿಂತು ಅನ್ನ ತಿಂದವನಿಗೆ. ಅದು ಎಡಗೈ ಕಣಮ್ಮ, ನಾನೇನು ಕನ್ನಡಿ ಕಂಡಿಲ್ವಾ, ಸುಳ್ಳು ಕೈ ತೋರಿಸಿ ನನಗೆ ಟೋಪಿ ಹಾಕ್ತೀಯಾ, ಎಂದು ಮುಖವನ್ನು ಗೋಡೆಗೆ ತಿರುಗಿಸಿದವನು ತಿರುಗಿಸಿದವನೇ. ಈಗಲೂ ಗೋಡೆ ನೋಡುತ್ತಿದ್ದಾನೆ. ಅತ್ತ ಊರಲ್ಲಿ ಅವಳ ಎರಡು ಹಸು, ವಾರಗಿತ್ತಿಯ ಕೈಗೆ ಒಪ್ಪಿಸಿ ಬಂದದ್ದು, ಅವಳೋ ಕೆಚ್ಚಲನ್ನು ಬಾವಿಹಗ್ಗ ಜಗ್ಗಿದ ಹಾಗೆ ಜಗ್ಗುತ್ತಾಳೆ, ಚೊಚ್ಚಲ ಕರು ಹಾಕಿದ್ದು ಒದ್ದೇ ಒದೆಯುತ್ತದೆ, ಒದೆಯಲಿ. ಕುದುರೆ, ನೀರು ಕೊಡೇ, ಎಂದ ಅಣ್ಣ ಗೋಡೆಗೆ. ಕುದುರೆ ಎಂದರೆ ಅವಳು, ಚಿಕ್ಕಂದಿನ ಸವಾರನ ಆಟದಲ್ಲಿ ಅವನಿಟ್ಟ ಹೆಸರು. ಮೊಮ್ಮಕ್ಕಳನ್ನು ಕಂಡ ಹೆಂಗಸನ್ನು ಕುದುರೆ ಅನ್ನುವವನು ಈ ಭೂಮಿಯ ಮೇಲೆ ಇವನೊಬ್ಬ, ಇವನೂ ಹೋದರೆ ಹಾಗೆ ಕರೆಯುವವರಿಲ್ಲ — ಥೂ, ಬಿಡ್ತು ಅನ್ನು, ಏನು ಯೋಚನೆ ಇದು, ಲೋಟ ಅವನ ಬಾಯಿಗೆ ಹಿಡಿದಳು, ಅರ್ಧ ಗಲ್ಲದ ಮೇಲೆ ಇಳಿಯಿತು, ಒರೆಸಿದಳು. ಚಿಕ್ಕಂದಿನಲ್ಲಿ ಕಂಡ ಪಿಕ್ಚರಿನ ಆ ಸವಾರನಿಗೆ ಯಾರು ಒರೆಸುತ್ತಿದ್ದರು? ಅವನಿಗೆ ತಂಗಿಯಿದ್ದದ್ದನ್ನು ಒಂದು ಪಿಕ್ಚರಿನಲ್ಲೂ ನೋಡಲಿಲ್ಲ. ಅಂಗಿ ಯಾರು ಒಗೆಯುತ್ತಿದ್ದರು, ಡಬ್ಬಿಯಿಂದ ಕಾಳು ಸುರಿದುಕೊಂಡು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದ, ಬರುತ್ತಿದ್ದ, ಕೆಟ್ಟವರನ್ನು ಹೊಡೆಯುತ್ತಿದ್ದ, ಹೋಗುತ್ತಿದ್ದ, ಹಿಂದೆ ತಿರುಗಿ ನೋಡುವುದಕ್ಕೆ ಮನೆಯೇ ಇರಲಿಲ್ಲ. ಅದಕ್ಕೇ ಅಷ್ಟು ಇಷ್ಟವಾಗಿದ್ದನೋ ಏನೋ.

ಕುದುರೆ ಪಿಕ್ಚರು ಎನ್ನುತ್ತಿದ್ದರು. ಊರಾಚೆ ಬಯಲಿನಲ್ಲಿ ಟೆಂಟು, ಅಮ್ಮ ಆಟ ಬಿಟ್ಟ ಮೇಲೆ ಕಸ ಗುಡಿಸುವವಳು, ಟೆಂಟಿನ ಸಾಹುಕಾರ ಪುಣ್ಯಾತ್ಮ, ಮಕ್ಕಳು ಪರದೆ ಹಿಂದೆ ಕೂತ್ಕೊಳ್ಲಿ ಬಿಡು, ಮುಂದೆ ಬಂದ್ರೆ ಕಾಲು ಮುರೀತೀನಿ ಎಂದಿದ್ದ. ಪರದೆಯ ಹಿಂದೆ ಕಲ್ಲುನೆಲ, ಮೂತ್ರದ ವಾಸನೆ, ಆದರೆ ಜಾಗ ಎಷ್ಟು ಬೇಕೋ ಅಷ್ಟು, ಅಣ್ಣ ತಂಗಿ ಇಬ್ಬರೇ ಧಣಿಗಳು. ಮಾತು ಯಾವ ದೇಶದ್ದೋ, ಅಣ್ಣನೇ ಮಾತು ಕಟ್ಟುತ್ತಿದ್ದ, ಕಪ್ಪು ಟೋಪಿಯ ಕೆಟ್ಟವನು ಬಾಯಿ ತೆರೆದರೆ ಸಾಕು ಇವನು ಗಂಟಲು ದಪ್ಪ ಮಾಡಿ, ಏಯ್ ಎಡಗೈಯಾ, ಕುದುರೇಗೆ ನೀರು ಕುಡಿಸಿದೀಯಾ, ಕೊನೇ ಸಲ ಕುಡಿಸ್ಕೋ! ಎಡಗೈಯ, ಅದು ಸವಾರನಿಗೆ ಇವರಿಟ್ಟ ಹೆಸರು, ಯಾಕೆಂದರೆ ಅವನು ಯಾವಾಗಲೂ ಎಡಗೈಯಲ್ಲೇ ಪಿಸ್ತೂಲು ಎಳೆಯುತ್ತಿದ್ದ. ಮೊದಲು ಮುಖ, ಆಮೇಲೆ ಕೆಟ್ಟವನ ಮುಖ, ಆಮೇಲೆ ಆ ಕೈ — ಸೊಂಟದ ಪಕ್ಕದಲ್ಲಿ, ಪಿಸ್ತೂಲಿಗೆ ಒಂದು ಗೇಣು ದೂರದಲ್ಲಿ, ಬೆರಳು ಅಗಲಿಸಿಕೊಂಡು ಗಾಳಿಯಲ್ಲಿ ನಿಂತ ಕೈ. ಬಯಲುಗಾಳಿಗೆ ಪರದೆ ಉಬ್ಬುತ್ತಿತ್ತು, ಕೈ ನಡುಗಿದ ಹಾಗೆ ಕಾಣುತ್ತಿತ್ತು, ಈಗ ಎಳೀತಾನೆ, ಈಗ, ಬೆರಳು ಅಲ್ಲಾಡಿತು ಕಣೋ, ಇಲ್ಲ ಕಣೇ ಬಟ್ಟೆ ಅಲ್ಲಾಡಿದ್ದು, ಉಸಿರು ಕಟ್ಟಿಕೊಂಡು ಇಬ್ಬರೂ, ಅಣ್ಣನ ಎಡಗೈಯೂ ಚಡ್ಡಿಯ ಪಕ್ಕ ಹಾಗೇ ನಿಂತಿರುತ್ತಿತ್ತು. ಮುಂದೆ ಕೂತು ನೋಡುತ್ತಿದ್ದ ರೊಟ್ಟಿ ಅಂಗಡಿಯವನ ಮಗ ಒಂದು ದಿನ, ಅವನು ಬಲಗೈಯವನು ಕಣ್ರೋ ಪೆದ್ದುಗಳಾ ಎಂದದ್ದೇ ತಡ, ಅಣ್ಣ ಅವನ ಮೂಗಿನಲ್ಲಿ ರಕ್ತ ತಂದ. ಸುಳ್ಳು ಹೇಳ್ತೀಯೇನೋ, ನಮ್ಮ ಕಣ್ಣಾರೆ ಕಂಡಿದೀವಿ! ಸಾಹುಕಾರ ನಗುತ್ತ ಅಣ್ಣ ತಂಗಿ ಇಬ್ಬರನ್ನೂ ಒಂದು ಸಂಜೆ ಮುಂದೆ ಬೆಂಚಿನ ಮೇಲೆ ಕೂರಿಸಿದ, ನೋಡ್ಕೊಳ್ಳಿ ಮಕ್ಕಳಾ, ಹಿಂದಿನಿಂದ ಎಡಬಲ ತಿರುಗಿ ಕಾಣುತ್ತೆ. ಸವಾರ ಬಂದ, ಇಳಿದ, ನಿಂತ, ಪಿಸ್ತೂಲಿನ ಪಕ್ಕ ಬಲಗೈ. ಅಣ್ಣ ಸ್ವಲ್ಪ ಹೊತ್ತು ನೋಡಿದ, ಎದ್ದ, ಬಾರೇ ಕುದುರೆ, ಇವನು ನಮ್ಮೋನಲ್ಲ, ಎಂದು ಅವಳ ಕೈ ಹಿಡಿದು ಎಳೆದುಕೊಂಡು ಪರದೆಯ ಹಿಂದಕ್ಕೆ ಹೋದ, ಅಲ್ಲಿ ಎಡಗೈಯ ಕಾಯುತ್ತಲೇ ಇದ್ದ.

ಸುಳ್ಳಂತೆ ಸುಳ್ಳು. ಇವನಿಗೆ ಆಗ ಗೊತ್ತಿರಲಿಲ್ಲವೇ? ಒಂದೇ ಬಂಡೆಯನ್ನು ಸವಾರ ಮೂರು ಸಲ ದಾಟುತ್ತಿದ್ದ, ಇವನೇ ಬೆರಳು ತೋರಿಸಿ, ನೋಡೇ ನಮ್ಮ ಬಂಡೆ ಮತ್ತೆ ಬಂತು ಎಂದು ಕುಣಿಯುತ್ತಿದ್ದ, ಹೋದ ಪಿಕ್ಚರಿನಲ್ಲಿ ಸತ್ತವನು ಈ ಪಿಕ್ಚರಿಗೆ ಮೀಸೆ ಅಂಟಿಸಿಕೊಂಡು ಬರುತ್ತಿದ್ದ, ಬಾಗಿಲು ಜೋರಾಗಿ ಹಾಕಿಕೊಂಡರೆ ಕಿಟಕಿಯಾಚೆಯ ಬೆಟ್ಟ ತೊನೆಯುತ್ತಿತ್ತು, ಬಟ್ಟೆಯ ಮೇಲೆ ಬರೆದ ಬೆಟ್ಟ, ಪಾಪ, ಅವರಿಗೂ ಕೈಯಲ್ಲಿ ಕಾಸಿರಲಿಲ್ಲ ಅಂತ ಕಾಣುತ್ತದೆ, ಇದ್ದ ಒಂದು ಕುದುರೆ, ಒಂದು ಬೀದಿ, ಒಂದು ಬಂಡೆ, ಅದರಲ್ಲೇ ಸಂಸಾರ ತೂಗಿಸಿದ ಹಾಗೆ ಪಿಕ್ಚರು ತೂಗಿಸುತ್ತಿದ್ದರು. ಎಲ್ಲ ಕಾಣುತ್ತಿತ್ತು. ಕಂಡೂ ಆ ಕೈ ಗಾಳಿಯಲ್ಲಿ ನಿಂತರೆ ಉಸಿರು ನಿಲ್ಲುತ್ತಿತ್ತಲ್ಲ, ಅಣ್ಣಾ, ಬೆಟ್ಟ ಅಲ್ಲಾಡಿದ್ದು ನೋಡಿಯೂ ನಿನ್ನ ಕೈ ಸೊಂಟಕ್ಕೆ ಹೋಗುತ್ತಿತ್ತಲ್ಲ, ಈಗ ಒಂದು ಕನ್ನಡಿಯ ಮುಂದೆ ಯಾಕಪ್ಪ ಇಷ್ಟು ಸತ್ಯ ಬೇಕು ನಿನಗೆ? ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ, ಹೇಳಿದರೆ ನಗುತ್ತಾನೆ, ಇಲ್ಲ ಅಳುತ್ತಾನೆ, ಅಳುವುದನ್ನು ನೋಡಲಾರಳು.

ಕನ್ನಡಿಯವಳ ಚಪ್ಪಲಿ ಸದ್ದು. ಬಂದಳು. ಇವಳು ಎದ್ದು ಬನ್ನಿ ತಾಯಿ ಎಂದಳು, ದಿಂಬು ಒಟ್ಟಿ ಅಣ್ಣನನ್ನು ಕೂರಿಸಿದಳು, ತೊಡೆಯ ಮೇಲೆ ಹಲಗೆ ಬಂತು, ಕನ್ನಡಿ ನಿಂತಿತು, ತೂಗಿತು. ಫ್ಯಾನ್ ಆರ್ಸೀಮ್ಮ, ಕನ್ನಡಿ ಅಲ್ಲಾಡುತ್ತೆ. ಆರಿಸಿದಳು, ರೆಕ್ಕೆಗಳು ಒಂದೊಂದಾಗಿ ಕಾಣಿಸಿಕೊಂಡವು, ನಿಂತವು. ಅವಳ ಸ್ಟೂಲು ಅಣ್ಣನ ಬಲಕ್ಕೆ, ಅಲ್ಲಿಂದ ಕಾಣುವುದು ಕನ್ನಡಿಯ ಬೆನ್ನು, ಬಣ್ಣವಿಲ್ಲದ ಹಲಗೆ, ಅದರ ಮರೆಯಲ್ಲಿ ಮಲಗಿದ ಕೈ. ಮತ್ತೆ ಹಿಂದೆಯೇ ಕೂತೆನಲ್ಲ. ಯಜಮಾನ್ರೇ, ಇವತ್ತೊಂದು ದಿನ ನನಗೋಸ್ಕರ, ಕನ್ನಡಿ ನೋಡಿ, ಎಡಗೈ ಬೆರಳು ಬಿಡಿಸಿ. ಗೋಡೆ. ಯಜಮಾನ್ರೇ. ಗೋಡೆ. ಆಕೆಯ ಕೈ ಕನ್ನಡಿಯ ಅಂಚಿಗೆ ಹೋಯಿತು, ಎತ್ತಿಕೊಂಡು ಹೊರಡುವವಳ ಹಾಗೆ, ಹೊರಟರೆ ಮುಗಿಯಿತು, ಮುಂದಿನ ಬಾಗಿಲು ಹಾಗೇ, ಕತ್ತರಿ ಹಾಗೇ — ಅವಳ ಗಂಟಲಿನಿಂದ ಯಾವುದೋ ದಪ್ಪ ದನಿ ಹೊರಟಿತು, ತನ್ನದೆಂದು ಅವಳಿಗೇ ತಿಳಿಯಲಿಲ್ಲ, ಏಯ್ ಎಡಗೈಯಾ! ಕುದುರೇಗೆ ನೀರು ಕುಡಿಸಿದೀಯಾ? ಕೊನೇ ಸಲ ಕುಡಿಸ್ಕೋ!

ಕನ್ನಡಿಯವಳು ಬೆಚ್ಚಿ ನೋಡಿದಳು. ನೋಡಲಿ, ಹುಚ್ಚಿ ಅಂದುಕೊಳ್ಳಲಿ. ಗೋಡೆಗೆ ತಿರುಗಿದ್ದವನ ಭುಜ ಅಲುಗಿತು, ನಗುವೋ ಕೆಮ್ಮೋ, ಕುದುರೆ ಮಾತಾಡಬಾರ್ದು ಕಣೇ, ಎಷ್ಟು ಸಲ ಹೇಳೋದು ನಿನಗೆ. ಕುದುರೆ ಅಲ್ಲ ನಾನು, ಕಪ್ಪು ಟೋಪಿ, ಎಳೀತೀಯೋ ಓಡ್ತೀಯೋ? ನಿನ್ನ ಮುಖಕ್ಕೆ ಟೋಪಿ ಬೇರೆ ಕೇಡು, ಎಂದ, ಮುಖ ತಿರುಗಿತು, ಮೆಲ್ಲಗೆ, ಮೊದಲು ಅವಳ ಕಡೆಗೆ, ಆಮೇಲೆ ಕನ್ನಡಿಯ ಕಡೆಗೆ. ಅಲ್ಲಿ ಅವನಿಗೇನು ಕಾಣುತ್ತಿದೆಯೋ ಅವಳಿಗೆ ಕಾಣದು, ಅವನ ಮುಖ ಕಾಣುತ್ತದೆ, ಹುಬ್ಬು ಗಂಟಿಕ್ಕಿದೆ, ಬಯಲಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿದವನ ಹಾಗೆ, ಆಚೆ ಎಡಗೈ ಹಲಗೆಯಿಂದ ಏಳುತ್ತಿರಬೇಕು, ಬೆರಳು ಅಗಲಿಸಿಕೊಂಡು ಗಾಳಿಯಲ್ಲಿ ನಿಲ್ಲುತ್ತಿರಬೇಕು, ಹಸು ಇಲ್ಲ, ಅಂಗಡಿ ಇಲ್ಲ, ಅವಳು ನೋಡುತ್ತಿರುವುದು ಪರದೆಯ ಹಿಂದಿನದನ್ನು, ಕನ್ನಡಿಯ ಮರೆಯಲ್ಲಿ ಮಲಗಿದ ಆ ಬಲಗೈಯನ್ನು, ಈಗ ಎಳೀತಾನೆ, ಈಗ — ಬೆರಳು ಅಲ್ಲಾಡಿತು, ಇಲ್ಲ, ಬಟ್ಟೆ, ಗಾಳಿಗೆ ಬಟ್ಟೆ ಅಲ್ಲಾಡಿದ್ದು, ಅವಳು ಕತ್ತೆತ್ತಿ ಫ್ಯಾನು ನೋಡಿದಳು, ನಿಂತಿದೆ, ತಾನೇ ಆರಿಸಿದ್ದು, ಮತ್ತೆ ಕೈ ನೋಡಿದಳು, ಗಾಳಿಯಿಲ್ಲ, ಬಟ್ಟೆ ಅಲ್ಲಾಡುತ್ತಿಲ್ಲ, ಬೆರಳು —