ಗುಡ್ಡದ ಮದ್ದು

ಬಯಲಲ್ಲಿ ಒಂಟಿಯಾಗಿ ನಿಂತ ಗುಡ್ಡಕ್ಕೆ ಮದ್ದಿಟ್ಟು ಮದ್ದಿಟ್ಟು ಅದನ್ನು ಅರ್ಧ ಮಾಡಿದ ಅಪ್ಪನಿಗೆ ಈಗ ಅದೇ ಗುಡ್ಡದಿಂದ ಮದ್ದು ಬೇಕಿತ್ತು. ಕಲ್ಲಿನ ಧೂಳು ಎದೆಯಲ್ಲಿ ಗೂಡು ಕಟ್ಟಿತ್ತು. ಕೆಮ್ಮು ಶುರುವಾದರೆ ತುಟಿ ನೀಲಿಯಾಗಿ ಗೋಡೆ ಹಿಡಿಯುತ್ತಿದ್ದ. ಆಸ್ಪತ್ರೆಯವರು ಕೈಚೆಲ್ಲಿದ್ದರು. ಕ್ವಾರಿಯ ಧಣಿ 'ಸಿಗರೇಟು ಸೇದಿದ್ದಕ್ಕೆ ಹಿಂಗಾಗಿದೆ' ಎಂದು ಕೈ ತೊಳೆದುಕೊಂಡಿದ್ದ. ಜನ್ಮದಲ್ಲಿ ಸಿಗರೇಟು ಮುಟ್ಟದ ಬಾಯಿ ಅದು!

ಅಪ್ಪನಿಗೆ ಮದ್ದು ಕೇಳಿಕೊಂಡು ಬಂದ ಮಗನಿಗೆ ಗಿಡಮೂಲಿಕೆ ಅಂಗಡಿಯ ಅಜ್ಜಿ ಹೇಳಿದ್ದಳು: "ಇಬ್ಬನಿಗಿಡ ಸಿಕ್ರೆ ತಾ. ಹುಳ ಹಿಡಿದು ತಿನ್ನೋ ಗಿಡ, ಆ ಗುಡ್ಡದ ನೆತ್ತಿ ಬಿಟ್ರೆ ಎಲ್ಲೂ ಇಲ್ಲ. ಎಲೆ ಮೇಲೆ ಬಿಸಿಲಿಗೂ ಆರದ ಹನಿ ಇರುತ್ತೆ. ಆ ಅಂಟೇ ಔಷಧಿ. ವಾಸಿ ಆಗಲ್ಲ ಮಗಾ, ಉಸಿರು ಸ್ವಲ್ಪ ಸಲೀಸಾಗುತ್ತೆ."

ಅಷ್ಟಾದರೂ ಸಾಕಿತ್ತು. ಹತ್ತಿದ.

ನೆತ್ತಿಯ ಜೌಗಿನಲ್ಲಿ ಗಿಡಗಳೇನೋ ಇದ್ದವು, ಬೂದಿ ಬಳಿದ ಹಾಗೆ. ಕ್ರಷರಿನ ಧೂಳು ಬಿದ್ದಾಗ ಹುಳ ಸಿಕ್ಕಿತೆಂದು ಮಡಚಿಕೊಂಡ ಎಲೆಗಳು ಕಲ್ಲು ಕಚ್ಚಿಕೊಂಡೇ ಸತ್ತಿದ್ದವು. ಅವನ ಮೈಯೆಲ್ಲ ಉರಿದುಹೋಯಿತು. ಧಣಿಯ ಅಪ್ಪ, ಅಜ್ಜ ಯಾರನ್ನೂ ಬಿಡದೆ ಬೈದ. ಕೊನೆಗೆ ಬಂಡೆಯ ಮರೆಯಲ್ಲಿ ಅಂಗೈಯಗಲದ ಒಂದೇ ಒಂದು ಗಿಡ ಕೆಂಪಗೆ ಮಿನುಗಿತು. ಧೂಳಿನ ನಡುವೆ ಹನಿ. ಅದೇ ಕೊನೆಯದೆಂದು ಗೊತ್ತಿದ್ದೂ ಬೇರುಸಮೇತ ಕಿತ್ತ. ಅಪ್ಪನ ಮುಂದೆ ಗಿಡ ಯಾವ ಲೆಕ್ಕ?

ಮನೆಯಲ್ಲಿ ಅಕ್ಕನ ಕಟ್ಟಪ್ಪಣೆ ಒಂದಿತ್ತು: ಚಪ್ಪಲಿಯಿರಲಿ, ಸೊಪ್ಪಿರಲಿ, ಧೂಳು ತೊಳೆಯದೆ ಯಾವುದೂ ಹೊಸಿಲು ದಾಟುವಂತಿಲ್ಲ. ಅಪ್ಪ ಹಾಸಿಗೆ ಹಿಡಿದಾಗಿನಿಂದ ಅದು ಕೈಗೇ ಅಂಟಿದ ಅಭ್ಯಾಸ. ಮಗ ಅಂಗಳದ ನಲ್ಲಿ ತಿರುಗಿಸಿದ. ಮುಖ ತೊಳೆದ, ಕಾಲು ತೊಳೆದ, ಗಿಡವನ್ನೂ ಎಲೆ ಎಲೆ ಬಿಡಿಸಿ ಉಜ್ಜಿ ಉಜ್ಜಿ ತೊಳೆದ.

ಅಕ್ಕ ಇಣುಕಿದಳು. "ಅಯ್ಯೋ, ತೊಳೆದ್ಯೇನೋ? ಅಂಟೆಲ್ಲೋ?"

ಕೈಯಲ್ಲಿ ಬರೀ ಒದ್ದೆ ಸೊಪ್ಪು. ಅಂಟು ಚರಂಡಿ ಸೇರಿತ್ತು.

"ನೀನೇ ತಾನೇ ತೊಳಿ ತೊಳಿ ಅಂತ ಪ್ರಾಣ ತಿನ್ನೋಳು!" ಅರಚಿದ.

"ಏನ್ರೋ ಗಲಾಟೆ?" ಒಳಗಿಂದ ಅಪ್ಪ.

ಅಕ್ಕ ಅಳುತ್ತಲೇ ಹೇಳಿದಳು. ಕೇಳಿ ಅಪ್ಪ ನಗತೊಡಗಿದ. "ನಾನು ಗುಡ್ಡಕ್ಕಿಟ್ಟ ಮದ್ದು ಒಂದೂ ಠುಸ್ ಅಂದಿರ್ಲಿಲ್ಲ ಕಣ್ರೋ. ಗುಡ್ಡ ನಂಗೆ ಕಳಿಸಿದ ಮದ್ದು ನೋಡಿ, ನೀರು ಕುಡಿದು..."

ಮಾತು ಮುಗಿಯಲಿಲ್ಲ. ನಗು ಕೆಮ್ಮಾಯಿತು.

ಗುಡ್ಡದ ಕಡೆಯಿಂದ ಮದ್ದು ಸಿಡಿಸುವ ಮುಂಚಿನ ಸೈರನ್ ಕೂಗಿತು. ಅಕ್ಕ ಎಂದಿನಂತೆ ಓಡಿಹೋಗಿ ಕಿಟಕಿ ಮುಚ್ಚಿದಳು. ಮಗ ನಲ್ಲಿ ನಿಲ್ಲಿಸುವುದನ್ನೂ ಮರೆತು, ಮುಚ್ಚಿದ ಕಿಟಕಿಯಾಚೆಯ ಕೆಮ್ಮು ಕೇಳುತ್ತಾ ನಿಂತ.