ಗುನ್ವೋರಳ ಬರಿಗೈ

ನಮ್ಮ ಕಾರ್ಖಾನೆಯ ಚರಿತ್ರೆಯಲ್ಲೇ ಗುರುತಿಸಿಡಬೇಕಾದ ನಿರ್ಣಯವೊಂದು ಗುರುವಾರ ಬೆಳಿಗ್ಗೆ ಫಲಕದ ಮೇಲೆ ಪ್ರಕಟವಾಯಿತು: ನಾಳೆಯ ಬನ್ನುಗಳಿಗೆ ಬೆಣ್ಣೆಯನ್ನು ಕಂಪನಿಯೇ ಕೊಡುವುದು. ಹನ್ನೊಂದು ವರ್ಷಗಳಿಂದ, ಶುಕ್ರವಾರ ಬೆಳಿಗ್ಗೆ ಎಲ್ಲರೂ ಒಂದೇ ಮೇಜಿಗೆ ಕೂತು ತಿನ್ನುವ ಬನ್ನು, ಚೀಸು, ಬೆಣ್ಣೆ ಎಲ್ಲವನ್ನೂ ನಾವೇ ಸರದಿಯ ಮೇಲೆ ತರುತ್ತಿದ್ದೆವು. ಹಾಗಾಗಿ ಯಾರಿಗೂ ಸಂತೋಷವಾಗಲಿಲ್ಲ.

"ಬೆಣ್ಣೆ ಹಚ್ತಾವ್ರೆ ಅಂದ್ರೆ ಯಾರೋ ನಮ್ಮನ್ ತಿನ್ನೋಕ್ ಬತ್ತಾವ್ರೆ ಕಣ್ಲಾ," ಎಂದ ನನ್ನ ಜೊತೆಯ ಅರ್ನೆ.

ಬರುತ್ತಿದ್ದವನು ಕೋಪನ್‌ಹೇಗನ್ನಿನ ಹೂಡಿಕೆದಾರ. ಗಾಳಿಯಂತ್ರದ ರೆಕ್ಕೆ ಮಾಡುವ ನಮ್ಮ ಕಂಪನಿಯ ಷೇರು ಎರಡು ವರ್ಷಗಳಿಂದ ನೆಲ ಕಚ್ಚಿತ್ತು. ಮ್ಯಾನೇಜರ್ ಫ್ರೋಡೆ ಏಣಿಯ ಮೇಲೆ ನಿಂತು ಹೇಳಿದ: "ನೋಡ್ರಪ್ಪಾ, ನಮ್ಮದು ಮಣ್ಣಲ್ಲಿ ಬಿದ್ದಿರೋ ಚಿನ್ನ. ಬೆಲೆ ಗೊತ್ತಿರೋನು ಬಂದು ಎತ್ಕೋಬೇಕು, ಅಷ್ಟೆ. ನಾಳೆ ಎಲ್ರೂ ನಗ್ತಾ ಇರಿ."

ನಮ್ಮಲ್ಲಿ ಮ್ಯಾನೇಜರನನ್ನೂ ಹೆಸರು ಹಿಡಿದೇ ಕರೆಯುವುದು. ಅವನೂ ನಮ್ಮನ್ನು ಹೆಸರು ಹಿಡಿದೇ ಬೈಯುತ್ತಾನೆ. ಸಮಾನತೆ.

ಆಮೇಲೆ ಅವನು ಗುನ್ವೋರಳನ್ನು ನಿಲ್ಲಿಸಿಕೊಂಡ. ನಾನು ಎರಡು ಮಾರು ದೂರದಲ್ಲಿ ರೆಕ್ಕೆಯ ಅಂಚು ಉಜ್ಜುತ್ತಿದ್ದೆ. ಹತ್ತೊಂಬತ್ತು ವರ್ಷ ಎಪಾಕ್ಸಿ ಅಂಟು ಬಳಿದವಳು ಅವಳು. ಮೊದಲು ಗಂಟೆಗೆ ನಾಲ್ಕು ಜೊತೆ ಕೈಗವಸು ಸಿಗುತ್ತಿತ್ತು. ಷೇರು ಬಿದ್ದ ಮೇಲೆ ಪಾಳಿಗೆ ಒಂದೇ ಜೊತೆ. ಚಳಿಗಾಲದಲ್ಲಿ ಅವಳ ಕೈಗಳು ಒಡೆದು ಬೆರಳ ಸಂದಿಗಳಲ್ಲಿ ನೀರು ಒಸರತೊಡಗಿತು. ಈ ಅಂಟು ಒಮ್ಮೆ ಮೈಗೆ ಆಗದೆ ಹೋದರೆ ಮುಂದೆ ಯಾವ ರೆಕ್ಕೆ ಕಾರ್ಖಾನೆಗೂ ಕಾಲಿಡುವಂತಿಲ್ಲ. ಕಾಯಿಲೆ ಈ ಕೆಲಸದಿಂದಲೇ ಬಂದದ್ದು ಎಂದು ಫ್ರೋಡೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಅವಳಿಗೆ ಪರಿಹಾರ. ಹಾಕದಿದ್ದರೆ ಬರೀ ಬೀದಿ. ಆರು ವಾರಗಳಿಂದ ಕಾಗದ ಅವನ ಮೇಜಿನ ಮೇಲಿತ್ತು.

"ಮನೇಲಿ ಪಾತ್ರೆ ತೊಳೀತೀಯಲ್ಲ, ಸೋಪಿಂದ ಆಗಿರ್ಬೋದು," ಎಂದ ಫ್ರೋಡೆ.

"ಥೂ, ನಿನ್ ಬಾಯಿಗ್ ಬೆಂಕಿ ಹಾಕ. ನಮ್ಮನೇಲಿ ಪಾತ್ರೆ ತೊಳ್ಯೋದು ನನ್ ಗಂಡ."

"ಆಯ್ತು ಮಾರಾಯ್ತಿ, ಸೋಮವಾರ ಹಾಕ್ತೀನಿ. ನಾಳೆ ಮಾತ್ರ ಗ್ಲೌಸ್ ತೆಗೀಬೇಡ. ಅವನು ಮೇಜಿನ ಸುತ್ತ ಬಂದು ಒಬ್ಬೊಬ್ರಿಗೂ ಕೈ ಕೊಡ್ತಾನೆ. ನೀನು ಕಾಫಿ ಕೂಜ ಎರಡೂ ಕೈಲಿ ಹಿಡ್ಕೊಂಡು ನಿಂತ್ಬಿಡು."

"ಹತ್ತೊಂಬತ್ ವರ್ಷ ದುಡಿದೋಳ್ಗೆ ಕೂಜ ಹಿಡಿಯೋ ಕೆಲ್ಸ ಕೊಟ್ಯಾ, ಬೋಳಿಮಗನೆ?"

ಬೈಗುಳದಲ್ಲಿ ಕಾವಿರಲಿಲ್ಲ, ಸುಸ್ತಿತ್ತು. ಫ್ರೋಡೆ ನಕ್ಕ. ನಮ್ಮ ಸಮಾನತೆಯಲ್ಲಿ ಅದಕ್ಕೂ ಜಾಗವಿದೆ.

ಶುಕ್ರವಾರ ಹೂಡಿಕೆದಾರ ಹೊಸ ಸುರಕ್ಷಾ ಬೂಟು ತೊಟ್ಟು ಬಂದ. ರಿವಾಜಿನಂತೆ ಮೇಜಿನ ಸುತ್ತ ನಡೆದು, "ಎಸ್ಕಿಲ್... ಎಸ್ಕಿಲ್..." ಎಂದು ತನ್ನ ಹೆಸರು ಹೇಳುತ್ತ ಪ್ರತಿಯೊಬ್ಬರ ಕೈ ಕುಲುಕಿದ. ಗುನ್ವೋರಳ ಮುಂದೆಯೂ ಕೈ ಚಾಚಿದ.

ಅವಳು ಕೂಜವನ್ನು ಮೇಜಿನ ಮೇಲಿಟ್ಟಳು. ಎಡಗೈಯ ಗವಸು ಸಲೀಸಾಗಿ ಬಂತು. ಬಲಗೈಯದು ಚರ್ಮಕ್ಕೆ ಅಂಟಿಕೊಂಡಿತ್ತು. ಹಲ್ಲು ಕಚ್ಚಿ ಎಳೆದಳು.

"ಗುನ್ವೋರ್," ಎಂದು ಅವನ ಕೈ ಹಿಡಿದಳು. ಹಸಿ ಚರ್ಮ ತಾಕಿ ಅವನು ಕೈ ಹಿಂದೆಳೆಯಲು ನೋಡಿದ.

"ಗಟ್ಟಿಯಾಗ್ ಹಿಡಿಯಪ್ಪಾ, ಯಾಕ್ ಎಳ್ಕೋತೀಯಾ? ನೀನ್ ಕೊಳ್ಳೋಕ್ ಬಂದಿರೋದ್ ಇದನ್ನೇ."

"ಅವಳಿಗೆ ಮನೇಲಿ ಸೋಪು..." ಎಂದು ಫ್ರೋಡೆ ಶುರು ಮಾಡಿದ.

ಎಸ್ಕಿಲ್ ಸಿಟ್ಟಾಗಲಿಲ್ಲ. ಕೈ ಬಿಡಿಸಿಕೊಂಡು, ಕಾಗದದ ಕರವಸ್ತ್ರದಲ್ಲಿ ನಿಧಾನವಾಗಿ ಒರೆಸಿಕೊಂಡು ವಿನಯದಿಂದ ಕೇಳಿದ: "ಇಂಥವು ಇನ್ನೆಷ್ಟಿವೆ?"

ಫ್ರೋಡೆ ಛಾವಣಿ ನೋಡಿದ. ಅರ್ನೆ ಅಂಗಿಯ ತೋಳು ಮಡಿಸಿ ಒಡೆದ ಮೊಣಕೈ ತೋರಿಸಿದ. ಆಮೇಲೆ ನಾನು. ಆಮೇಲೆ ಇನ್ನೂ ಏಳು ಮಂದಿ. ಎಸ್ಕಿಲ್ ತುಟಿಯಲ್ಲೇ ಎಣಿಸಿಕೊಂಡ. ಕೊನೆಗೂ ಯಾರೋ ನಮ್ಮನ್ನು ಎಣಿಸಿದರಲ್ಲ ಎಂದು ನಾವು ಬನ್ನು ಮುಗಿಸಿದೆವು.

ಮರುವಾರ ಅವನು ಕಂಪನಿಯ ಅರ್ಧಕ್ಕೂ ಹೆಚ್ಚು ಷೇರು ಕೊಂಡ. ಇಷ್ಟು ಮಂದಿಗೆ ಪರಿಹಾರ ಕೊಡಬೇಕಾದೀತು ಎಂದು ನಮ್ಮ ಕೈಗಳ ನೆಪ ಹೇಳಿ, ಮೊದಲು ಹೇಳಿದ್ದ ಬೆಲೆಯನ್ನು ಇನ್ನೂ ಇಳಿಸಿದ್ದ. ಗುನ್ವೋರಳ ಕಾಗದಕ್ಕೆ ಸಹಿ ಬೀಳಲಿಲ್ಲ.