ಅಕ್ಕಿಯಲ್ಲಿ ಬರೆದ ಹೆಸರು

ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವಳು ನಾನು. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ಆದರೂ ಆಂಧ್ರದ ಆರೋಗ್ಯ ಇಲಾಖೆಯ ವರ್ಗಾವಣೆ ನಿಯಮಗಳು ಎರಡು ಸಲ ಓದಿದರೂ ನನ್ನ ತಲೆಗೆ ಹತ್ತಲಿಲ್ಲ.

ನನ್ನ ಸೊಸೆ ವಿಜಯವಾಡದ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಮಗ ಲಿಂಗರಾಜ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ನಡುವೆ ಆರು ಗಂಟೆಯ ರೈಲು ದಾರಿ. ಐದು ವರ್ಷದ ಮೊಮ್ಮಗಳು ಶ್ರಾವ್ಯಾ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ನಮ್ಮ ಜೊತೆ ಇರುತ್ತಾಳೆ. ಅವಳಮ್ಮ ಹದಿನೈದು ದಿನಕ್ಕೊಮ್ಮೆ ಬಂದುಹೋಗುತ್ತಾಳೆ. ಹೊರಡುವ ದಿನ ಮಗು ಅಮ್ಮನ ಚಪ್ಪಲಿ ಬಚ್ಚಿಡುತ್ತದೆ.

ಗಂಡ ಹೆಂಡತಿ ಒಂದೇ ಊರಿನಲ್ಲಿರಲಿ ಎಂದು ವರ್ಗಾವಣೆ ಕೊಡುವ ನಿಯಮವೊಂದಿದೆ. 2007ರ ಜೂನಿನಲ್ಲಿ ವರ್ಗಾವಣೆಯ ಮೇಲಿನ ನಿಷೇಧವನ್ನು ಕೆಲವು ದಿನ ಸಡಿಲಿಸಿದಾಗ ಸೊಸೆ ಅರ್ಜಿ ಹಾಕಿದಳು. ಗಡುವಿಗೆ ಎರಡೇ ದಿನ ಉಳಿದಿರುವಾಗ ಅರ್ಜಿ ವಾಪಸು ಬಂತು. ಅದಕ್ಕೆ ಕಾರಣ ನಾನು.

ಸೊಸೆಯ ತವರು ಏಲೂರು. ಅವರಪ್ಪ ಇಟ್ಟ ಹೆಸರು ಗಂಗಾಭವಾನಿ. ನಮ್ಮತ್ತೆಯವರ ಹೆಸರು ಗಂಗಮ್ಮ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದೆಂದು ನನ್ನನ್ನು ಬೆಳೆಸಿದ್ದರು. ಇನ್ನು ಅದೇ ಹೆಸರು ಹಿಡಿದು ‘ಬಾರೇ, ಹೋಗೇ’ ಎನ್ನುವುದು ಹೇಗೆ? ಮದುವೆಯ ದಿನ ನಮ್ಮ ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಮಗನ ಕೈಯಿಂದ ‘ಸಹನಾ’ ಎಂದು ಬರೆಸಿದೆ. ಅಷ್ಟಕ್ಕೇ ಬಿಡದೆ, ದಾವಣಗೆರೆಯಲ್ಲಿ ಮದುವೆ ನೋಂದಣಿ ಮಾಡಿಸುವಾಗಲೂ ಹಟ ಹಿಡಿದು ಅದನ್ನೇ ಹಾಕಿಸಿದೆ. ಇಲಾಖೆಯ ಸೇವಾ ಪುಸ್ತಕದಲ್ಲಿ ಅವಳು ಗಂಗಾಭವಾನಿಯಾಗಿಯೇ ಉಳಿದಳು. ಹೀಗಾಗಿ ಇಲಾಖೆಯ ಪ್ರಕಾರ ಲಿಂಗರಾಜನ ಹೆಂಡತಿ ಬೇರೆ ಯಾರೋ.

ಮಗುವನ್ನು ಮಗನಿಗೆ ಒಪ್ಪಿಸಿ ರೈಲು ಹತ್ತಿದೆ. ಮರುದಿನ ಬೆಳಿಗ್ಗೆ ಸೊಸೆಯ ಜೊತೆ ವಿಜಯವಾಡದ ಕಚೇರಿಗೆ ಹೋದೆ. ಅಲ್ಲಿನ ಸೂಪರಿಂಟೆಂಡೆಂಟು ಸತ್ಯಮೂರ್ತಿ ಎಂಬವರು, ಮೊದಲು ಎದ್ದು ತಮ್ಮ ಕುರ್ಚಿಯನ್ನೇ ಫ್ಯಾನಿನ ಕೆಳಗೆ ಎಳೆದು ನನ್ನನ್ನು ಕೂರಿಸಿದರು. ಆಮೇಲೆ ನಿಯಮ ಹೇಳಿದರು. ಮದುವೆ ನೋಂದಣಿ ಪತ್ರದ ಹೆಸರೂ ಸೇವಾ ಪುಸ್ತಕದ ಹೆಸರೂ ಒಂದೇ ಇರಬೇಕು. ಸೇವಾ ಪುಸ್ತಕದ ಹೆಸರು ಬದಲಿಸಲು ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು, ಅದಕ್ಕೆ ಮೂರು ತಿಂಗಳು. ಆ ಮೂರು ತಿಂಗಳು ಮುಗಿಯುವ ತನಕ ವರ್ಗಾವಣೆಯ ಅರ್ಜಿ ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ದಾವಣಗೆರೆಗೆ ಹೋಗಿ ಮದುವೆ ಪತ್ರವನ್ನೇ ತಿದ್ದಿಸಿಕೊಂಡು ಬರುತ್ತೇವೆ ಎಂದೆ. ವರ್ಗಾವಣೆಯ ದಿನಗಳಲ್ಲಿ ನರ್ಸುಗಳಿಗೆ ರಜೆ ಕೊಡಬಾರದೆಂದು ಇನ್ನೊಂದು ನಿಯಮವಿತ್ತು.

ಇವಳೇ ಅವಳೆಂದು ನಾನು ಎದುರಿಗೇ ಕೂತು ಹೇಳುತ್ತಿದ್ದೇನಲ್ಲ ಎಂದು ನನ್ನ ಹರುಕು ತೆಲುಗಿನಲ್ಲಿ ಕೇಳಿದೆ. ಪಕ್ಕದ ಮೇಜಿನ ಗುಮಾಸ್ತ ಫೈಲಿನಿಂದ ತಲೆ ಎತ್ತದೆ ಅಂದ:

“ನಿಮ್ಮ ಮಗನಿಗೆ ಇಬ್ಬರು ಹೆಂಡಿರು ಅಂತ ಬರೆದುಕೊಡಿ ಅಮ್ಮಾ. ಅದಕ್ಕೂ ಒಂದು ನಿಯಮ ಇದೆ.”

ಸೊಸೆ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ.

ಸತ್ಯಮೂರ್ತಿಯವರು ಸಾಹೇಬರ ಕೋಣೆಯ ಕಡೆ ಒಮ್ಮೆ ನೋಡಿ, ನಿಯಮಗಳ ಜೆರಾಕ್ಸ್ ಪ್ರತಿಯನ್ನು ನನ್ನ ಕೈಗಿಟ್ಟರು. “ನೀವು ಓದಿದವರು. ಊಟದ ಹೊತ್ತಿನಲ್ಲಿ ಇನ್ನೊಂದು ಸಲ ನಿಧಾನವಾಗಿ ನೋಡಿ” ಎಂದರು.

ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಕೂತೆವು. ಒಂದು ನಿಯಮ ಇನ್ನೊಂದನ್ನು ನೋಡಿ ಎನ್ನುತ್ತದೆ. ಅದನ್ನು ಹುಡುಕಿದರೆ ಅದು ತಿರುಗಿ ಮೊದಲನೆಯದನ್ನೇ ನೋಡಿ ಎನ್ನುತ್ತದೆ. ಸಿಟ್ಟಿನಲ್ಲಿ ಕಾಗದವನ್ನು ಮಡಚಿ ಚೀಲಕ್ಕೆ ತುರುಕಹೋದೆ. ಆಗ ಕಾಣಿಸಿತು, ಹನ್ನೊಂದನೇ ಪುಟದ ಕೆಳಗೆ ಪೆನ್ಸಿಲಿನ ಒಂದು ಸಣ್ಣ ಗುರುತು. ಅಲ್ಲಿದ್ದ ಟಿಪ್ಪಣಿಯಲ್ಲಿ, ಮದುವೆಯ ಕಾರಣಕ್ಕೆ ಹೆಸರು ಬೇರೆಯಾಗಿದ್ದರೆ ಮನೆಯ ಹಿರಿಯರೊಬ್ಬರು ನೋಟರಿಯ ಮುಂದೆ ಪ್ರಮಾಣ ಮಾಡಿ ಹೇಳಿದ್ದನ್ನು ಒಪ್ಪಿಕೊಳ್ಳಬಹುದು ಎಂದಿತ್ತು. ಮೇಲಿನವರಿಗೆ ಕೇಳಿಸುವಂತೆ ಹೇಳಲಾಗದ್ದನ್ನು ಸತ್ಯಮೂರ್ತಿಯವರು ಹೀಗೆ ಹೇಳಿದ್ದರು.

ಅಲ್ಲೇ ಹತ್ತಿರದ ನೋಟರಿಯ ಬಳಿ ಹೋದೆವು. ಅವನು ಪ್ರಮಾಣಪತ್ರ ಟೈಪು ಮಾಡಿಸಿ, ಗಟ್ಟಿಯಾಗಿ ಓದಿ ಸಹಿ ಮಾಡಿ ಎಂದ. ಓದಿದೆ. ಆ ಹೆಸರು ಬಂದ ಕಡೆ ನಿಂತೆ. ನಮ್ಮತ್ತೆ ತೀರಿಹೋಗಿ ಇಪ್ಪತ್ತು ವರ್ಷ. ಅವರಿದ್ದಾಗಲೂ, ಹೋದ ಮೇಲೂ ಆ ಹೆಸರನ್ನು ನಾನು ಆಡಿದವಳಲ್ಲ.

“ಬೇಡ ಅತ್ತಯ್ಯಾ, ನಾನೇ ಓದುತ್ತೀನಿ” ಎಂದಳು ಸೊಸೆ.

“ನೀನು ಓದಿದರೆ ಆಗೋದಿಲ್ಲ. ಹಿರಿಯರು ಅಂತ ಬರೆದಿದೆ” ಎಂದೆ. ಪತ್ರವನ್ನು ಮತ್ತೆ ಓದಿದೆ: “ಸಹನಾ ಎಂದು ನಾನು ಕರೆಯುವ ಈ ಹೆಣ್ಣುಮಗಳು ಗಂಗಾಭವಾನಿ. ಇವಳೇ ನನ್ನ ಮಗನ ಹೆಂಡತಿ.”

ಸಂಜೆ ಐದಕ್ಕೆ ಮೊದಲು ಅರ್ಜಿಗೆ ಠಸ್ಸೆ ಬಿತ್ತು. ಸತ್ಯಮೂರ್ತಿಯವರ ಮೇಜಿನ ಮೇಲೆ ಜೆರಾಕ್ಸ್ ಪ್ರತಿಯನ್ನು ಇಟ್ಟೆ. ಅವರು ಏನೂ ಆಗಿಲ್ಲದವರಂತೆ ರಬ್ಬರು ತೆಗೆದು ಆ ಗುರುತನ್ನು ಅಳಿಸಿದರು.

ಜುಲೈ ಎರಡನೇ ವಾರ ಆದೇಶ ಬಂತು. ‘ಗಂಗಾಭವಾನಿ ಅಲಿಯಾಸ್ ಸಹನಾ’ ಎಂದು, ಪತ್ರಿಕೆಯಲ್ಲಿ ಕಳ್ಳರ ಹೆಸರು ಬರೆದ ಹಾಗೆ ಬರೆದಿದ್ದರು. ಅದಕ್ಕೂ ಒಂದು ನಿಯಮ ಇದ್ದೀತು, ನಾನು ಹುಡುಕಹೋಗಲಿಲ್ಲ.

ಸಾಮಾನು ಸಮೇತ ಅವಳು ಬರುವ ದಿನ ಶ್ರಾವ್ಯಾಳ ಕೈಹಿಡಿದು ವಿಶಾಖಪಟ್ಟಣದ ಸ್ಟೇಷನ್ನಿಗೆ ಹೋದೆ. ಎರಡು ಬೋಗಿಗಳಾಚೆ ಇಳಿದ ಅವಳು ಜನರ ನಡುವೆ ನಮ್ಮನ್ನು ಹುಡುಕುತ್ತಿದ್ದಳು. “ಗಂಗಾ” ಎಂದು ಕೂಗಿದೆ. ಅವಳು ತಿರುಗಲಿಲ್ಲ. ನನ್ನ ದನಿಯಲ್ಲಿ ಆ ಹೆಸರನ್ನು ಅವಳು ನಿರೀಕ್ಷಿಸಿರಲಿಲ್ಲ.

ಇನ್ನೊಮ್ಮೆ ಕೂಗಿದೆ.